ಆರನೇ ನಂಬರಿನ ಗಾಜು

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಇಪ್ಪತ್ತನೇ ಇಸವಿಯಲ್ಲಿ, ನಾಲ್ಕನೇ ಇಯತ್ತೆ ಪಾಸಾದ ಮೇಲೆ. ದಡ್ಡನೆಂದು ಬಿಟ್ಟದ್ದಲ್ಲ. ಅಪ್ಪನ ಕುಲುಮೆಯಲ್ಲಿ ತಿದಿ ಒತ್ತುವವರು ಇರಲಿಲ್ಲ, ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಣ್ಣಿನ ಸಂಗತಿ ಕೇಳಿದವರೆಲ್ಲ ಕಡೆಗೆ ಒಂದೇ ಮಾತಿಗೆ ಬರುತ್ತಾರೆ: ನಾಲ್ಕಕ್ಷರ ಇಂಗ್ಲಿಷ್ ಬಂದಿದ್ದರೆ ನಿನಗೆ ಹೀಗೆ ಆಗುತ್ತಿರಲಿಲ್ಲ. ಅದು ಸುಳ್ಳು. ಇಂಗ್ಲಿಷ್ ಬರುವವನೊಬ್ಬ ಆ ದಿನ ನನ್ನ ಪಕ್ಕದಲ್ಲೇ ಕೂತಿದ್ದ.

ನನ್ನ ಮನೆ ಹೊನ್ನಾವರದಲ್ಲಿ. ಕೆಲಸ ಹೊಳೆಯ ಆಚೆ, ಕಾಸರಕೋಡಿನಲ್ಲಿ, ಭಟ್ಕಳದ ಕಡೆ ಹೋಗುವ ಬಸ್ಸುಗಳನ್ನು ನಿಲ್ಲಿಸುವ ಶೆಡ್ಡಿನಲ್ಲಿ. ದಿನಾ ಬೆಳಿಗ್ಗೆ ದೋಣಿ, ಸಂಜೆ ದೋಣಿ. ಲಡಾಯಿಯ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಇದ್ದಲಿನ ಡಬ್ಬಿ ಕಟ್ಟಿ ಓಡಿಸಿದರಲ್ಲ, ಆ ಡಬ್ಬಿಗಳ ಬೆಸುಗೆ ಎಲ್ಲ ನನ್ನದೇ. ಗ್ಯಾಸಿನ ಬೆಂಕಿ ಹಿಡಿದು, ಹಸಿರು ಗಾಜಿನ ಕನ್ನಡಕ ಹಾಕಿ, ಆರು ವರ್ಷ ಮಾಡಿದೆ. ಒಂದು ಡಬ್ಬಿಯೂ ಹೊಗೆ ಕಾರಿ ವಾಪಸು ಬರಲಿಲ್ಲ. ಕಬ್ಬಿಣ ಕರಗಿ ಹನಿಗೂಡುವ ಕ್ಷಣವನ್ನು ನನ್ನಷ್ಟು ಸರಿಯಾಗಿ ನೋಡುವ ಕಣ್ಣು ಈ ಮೂರು ತಾಲೂಕಿನಲ್ಲಿ ಇರಲಿಲ್ಲ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ. ಆಗ ಇರಲಿಲ್ಲ.

ಹೋದ ವರ್ಷ ನವರಾತ್ರಿ ಕಳೆದ ಮೇಲೆ ಧಣಿಗಳು ಮುಂಬೈಯಿಂದ ಒಂದು ವೆಲ್ಡಿಂಗ್ ಮಶೀನು ತರಿಸಿದರು. ಮಿಲ್ಟ್ರಿಯವರು ಹರಾಜು ಹಾಕಿದ್ದು. ಎಂಜಿನ್ನು ತಿರುಗಿದರೆ ಕರೆಂಟು ಹುಟ್ಟುತ್ತದೆ, ಕಡ್ಡಿಯ ತುದಿಯನ್ನು ಕಬ್ಬಿಣಕ್ಕೆ ಮುಟ್ಟಿಸಿದರೆ ಸಿಡಿಲಿನಂಥ ಬೆಳಕು. ಅದರ ಜೊತೆ ಕೈಯಲ್ಲಿ ಹಿಡಿಯುವ ಒಂದು ಮುಖದ ಗುರಾಣಿ ಬಂತು. ಅದರ ಕಿಂಡಿಗೆ ಕೂರಿಸುವ ಗಾಜುಗಳು ಬೇರೆ ಒಂದು ಪೆಟ್ಟಿಗೆಯಲ್ಲಿ. ಐದು, ಆರು, ಎಂಟು, ಹತ್ತು, ಹನ್ನೊಂದು, ಹನ್ನೆರಡು. ಪ್ರತಿ ಗಾಜಿನ ಮೂಲೆಯಲ್ಲಿ ನಂಬರು ಕೊರೆದಿತ್ತು. ಪೆಟ್ಟಿಗೆಯ ತಳದಲ್ಲಿ ಇಂಗ್ಲಿಷಿನ ಒಂದು ಕಾಗದ.

"ಸುಬ್ರಾಯನ ಹತ್ರ ಓದಿಸ್ಕೋ ಆಚಾರಿ" ಎಂದರು ಧಣಿಗಳು.

"ಬೆಂಕಿ ನೋಡುಕೆ ಕಾಗದ ಎಂತಕ್ಕೆ ಒಡೆಯಾ" ಎಂದೆ ನಾನು.

ಸುಬ್ರಾಯ ನಮ್ಮ ಬಸ್ಸಿನ ಟಿಕೀಟು ಕ್ಲಾರ್ಕು. ಮೆಟ್ರಿಕ್ ಮಾಡಿದವ, ದಪ್ಪ ಕನ್ನಡಕದವ. ಗಾಜುಗಳನ್ನು ಒಂದೊಂದಾಗಿ ಎತ್ತಿ ಸೂರ್ಯನ ಕಡೆ ಹಿಡಿದು ನೋಡಿದ. ಹನ್ನೆರಡರದ್ದು ಕೈಗೆ ಬಂದಾಗ ನಕ್ಕ.

"ಇದ್ರಲ್ಲಿ ಎಂತದೂ ಕಾಣ್ತಿಲ್ಲ ಮಾರಾಯ. ಕಣ್ಣಿನ ಪೊರೆ ತೆಗೆಸ್ದವ್ರಿಗೆ ಕಪ್ಪು ಕನ್ನಡಕ ಕೊಡ್ತ್ರಲ್ಲ, ಹಾಂಗೆ ಇದ್ದು. ನನ್ನಂಥ ಕುರುಡ್ರಿಗೆ ಇದು."

"ಹಂಗಾರೆ ನಂಗೆ ಐದು ಸಾಕು" ಎಂದೆ.

ಇಬ್ಬರೂ ನಕ್ಕೆವು. ಕಾಗದವನ್ನು ಯಾರೂ ಮುಟ್ಟಲಿಲ್ಲ. ನನ್ನ ಲೆಕ್ಕ ಸರಳವಾಗಿತ್ತು. ಬೆಳಕು ತಾಳದ ಕಣ್ಣಿಗೆ ಕಪ್ಪು ಗಾಜು, ಗಟ್ಟಿ ಕಣ್ಣಿಗೆ ತಿಳಿ ಗಾಜು. ನನಗೆ ನಲವತ್ತು ಹತ್ತಿರ ಬಂದಿತ್ತು. ನನ್ನ ಓರಗೆಯವರೆಲ್ಲ ಚಾಳೀಸು ಏರಿಸಿಕೊಂಡು ಪಂಚಾಂಗ ಓದುತ್ತಿದ್ದರು. ನನಗೆ ಬೇಕಾಗಿರಲಿಲ್ಲ. ಹತ್ತರ ಗಾಜು ಹಾಕಿಕೊಂಡರೆ ಮುದುಕನಾದೆ ಎಂದು ಒಪ್ಪಿಕೊಂಡ ಹಾಗೆ.

ಮೊದಲ ದಿನ ಗುರಾಣಿಯನ್ನೂ ಹಿಡಿಯಲಿಲ್ಲ. ಅದು ಒಂದು ಕೈಯನ್ನು ತಿನ್ನುತ್ತದೆ. ಐದನೇ ನಂಬರಿನದೇ ಗಾಜಿದ್ದ ನನ್ನ ಹಳೆಯ ಗ್ಯಾಸಿನ ಕನ್ನಡಕವನ್ನೇ ಹಾಕಿ ಬೆಳಿಗ್ಗೆ ಒಂದು ತಾಸು ಕಡ್ಡಿ ಸುಟ್ಟೆ. ಬೆಸುಗೆ ಎಷ್ಟು ಚೆಂದ ಕಂಡಿತೆಂದರೆ, ಹೆಣೆದ ಜಡೆಯ ಹಾಗೆ. ಸಂಜೆ ದೋಣಿ ಹತ್ತಿದೆ. ನೀರಿನ ಮೇಲೆ ಬಿಸಿಲು ಮಿಂಚುತ್ತಿತ್ತು. ನಡುಹೊಳೆಯಲ್ಲಿ ಕಣ್ಣಿಗೆ ಮರಳು ಬಿದ್ದ ಹಾಗಾಯಿತು. ಉಜ್ಜಿದೆ. ಮರಳು ಹೆಚ್ಚಾಯಿತು.

ದಡ ಮುಟ್ಟುವಾಗ ಕಣ್ಣು ತೆರೆಯಲು ಆಗಲಿಲ್ಲ.

ನನ್ನನ್ನು ಕೈಹಿಡಿದು ಮನೆಗೆ ತಂದರು. ದೀಪ ಹಚ್ಚಿದರೆ ಕಿರುಚುತ್ತಿದ್ದೆನಂತೆ. ಮುಖದ ಚರ್ಮ ಬಿಸಿಲಲ್ಲಿ ಬೆಂದ ಹಾಗೆ ಕೆಂಪು. ಹೆಂಡತಿ ಸಾವಿತ್ರಿ ನಂದಿಬಟ್ಟಲ ಹೂವು ಅರೆದು ಇಟ್ಟಳು. ತಣ್ಣಗಾಯಿತು, ಕಡಿಮೆಯಾಗಲಿಲ್ಲ. ಕಡೆಗೆ ಅವಳು ಬೇಲಿಯ ಹತ್ತಿರ ಹೋಗಿ ಹಿಂದಿನ ಮನೆಯ ಮೋನಿಬಾಯಿಯನ್ನು ಕರೆದಳು. ಮೋನಿಬಾಯಿ ಎರಡು ತಿಂಗಳ ಬಾಣಂತಿ. ಕಣ್ಣಿಗೆ ಎದೆಹಾಲು ಬಿಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮದ್ದು, ಆದರೆ ಮಕ್ಕಳಿಗೆ. ನಾನು ಒಳಗೆ ಚಾಪೆಯ ಮೇಲೆ ಬಿದ್ದುಕೊಂಡು ಅವರ ಮಾತು ಕೇಳಿದೆ.

"ಆಚಾರ್ರಿಗಾ? ನಿಮ್ಮನೆ ಶಿಶು ಇಷ್ಟು ದೊಡ್ಡದಾ ಸಾವಿತ್ರಿಬಾಯಿ?"

"ನಗ್ಬೇಡೇ. ಕೊಡು ಬೇಗ."

"ಕೊಡ್ತೆ ಕೊಡ್ತೆ. ಬದ್ಲಿಗೆ ನನ್ನ ಬಿಂದಿಗೆ ತೂತು ಬೆಸೆದು ಕೊಡೂಕೆ ಹೇಳಿ. ಮಗು ಮಲಗಿದ್ಮೇಲೆ ಕಳಿಸ್ತೆ, ಮೊದ್ಲು ಅದ್ರ ಪಾಲು."

ಅವಳ ಮಗುವಿಗೆ ಕುಡಿಸುವ ಒಳಲೆಯಲ್ಲೇ ಹಾಲು ಬಂತು. ಹತ್ತಿಯಲ್ಲಿ ಅದ್ದಿ ಸಾವಿತ್ರಿ ಹನಿ ಹನಿಯಾಗಿ ಬಿಟ್ಟಳು. ಸುತ್ತಿಗೆ ಹಿಡಿದ ಗಂಡಸು, ಬಾಯಿ ಮುಚ್ಚಿಕೊಂಡು ಮಲಗಿದ್ದೆ. ಮೂರು ದಿನ. ನಾಲ್ಕನೇ ದಿನ ಕಣ್ಣು ತಿಳಿಯಾಯಿತು. ಕೈಯ ಗೆರೆಗಳು, ತೊಲೆಯ ಮೇಲಿನ ಗೊರಲೆ ಹುಳದ ಗೂಡು, ಎಲ್ಲ ಮೊದಲಿನ ಹಾಗೆಯೇ.

ಗುಣವಾದದ್ದೇ ನನ್ನನ್ನು ಕೆಡಿಸಿತು.

ಏಟು ತಿಂದು ಎದ್ದವನಿಗೆ ಏಟಿನ ಅಳತೆ ಗೊತ್ತಾಯಿತು ಎಂಬ ಗರ್ವ ಬರುತ್ತದೆ. ಐದು ಸಾಲಲಿಲ್ಲ, ಒಪ್ಪಿದೆ. ಒಂದು ಮೆಟ್ಟಿಲು ಏರಿದೆ. ಗುರಾಣಿ ಹಿಡಿದೆ, ಅದರಲ್ಲಿ ಆರನೇ ನಂಬರಿನ ಗಾಜು ಕೂರಿಸಿದೆ. ಆ ದಿನ ಸಂಜೆ ದೋಣಿಯಲ್ಲಿ ಕಾದೆ. ಮರಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಹಾಗಾದರೆ ಆರೇ ಸರಿ. ಅಡ್ಡಿಲ್ಲ ಎಂದುಕೊಂಡೆ. ನೋವಾಗದಿದ್ದರೆ ಕೆಡುಕಾಗಿಲ್ಲ ಎಂದು ಯಾರು ತಾನೇ ಅಂದುಕೊಳ್ಳುವುದಿಲ್ಲ? ಆರರಲ್ಲಿ ಬೆಳಕು ಚುಚ್ಚುತ್ತಿತ್ತು, ಹೌದು. ಕಡ್ಡಿ ಕೆಳಗಿಟ್ಟ ಮೇಲೂ ಕಣ್ಣೆದುರು ಒಂದು ಹಸಿರು ಕಲೆ ಸ್ವಲ್ಪ ಹೊತ್ತು ತೇಲುತ್ತಿತ್ತು. ಆದರೆ ಕರಗಿದ ಕಬ್ಬಿಣದ ಒಂದೊಂದು ಅಲೆಯೂ ಕಾಣುತ್ತಿತ್ತು. ಎಂಟರಲ್ಲಿ, ಹತ್ತರಲ್ಲಿ ಅಷ್ಟು ಕಾಣುತ್ತಿರಲಿಲ್ಲ.

ಇನ್ನೊಂದು ಸಂಗತಿ. ಕಮ್ಮಾರನಿಗೆ ಒಂದು ರೂಢಿ ಇರುತ್ತದೆ. ಸರಳು ನೇರವಿದೆಯೋ ನೋಡಬೇಕಾದರೆ ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಸರಳಿನ ತುದಿ ಹಿಡಿದು ಉದ್ದಕ್ಕೂ ನೋಡುತ್ತೇವೆ. ಅಪ್ಪ ಹಾಗೆಯೇ ನೋಡುತ್ತಿದ್ದ. ಆ ರೂಢಿಯಿಂದ ನಾನು ಬೆಸುಗೆ ಹಾಕುವಾಗಲೂ ಎಡಗಣ್ಣು ಮುಚ್ಚಿಯೇ ಇರುತ್ತಿದ್ದೆ. ಇದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಡಾಕ್ಟರರು ಕೇಳಿದಾಗ ಗೊತ್ತಾಯಿತು.

ಎರಡು ತಿಂಗಳು ಹೀಗೆ ನಡೆಯಿತು. ಸಂಕ್ರಾಂತಿಯ ಹಿಂದಿನ ವಾರ ಭಟ್ಕಳದ ಬಸ್ಸಿನ ಸ್ಟೇರಿಂಗಿನ ರಾಡು ಬಿಚ್ಚಿ ನನ್ನ ಮುಂದೆ ಇಟ್ಟರು. ತುದಿಯ ಬೆಸುಗೆ ಮಾಡಿದೆ. ಆಮೇಲೆ ರಾಡು ಎತ್ತಿ ಬಲಗಣ್ಣಿಗೆ ಹಿಡಿದೆ. ನಡುವೆ ಸೊಟ್ಟ. ಬಡಿದೆ. ಮತ್ತೆ ನೋಡಿದೆ. ಇನ್ನೂ ಸೊಟ್ಟ. ಇನ್ನೂ ಬಡಿದೆ. ಬಸ್ಸಿನ ಡ್ರೈವರ ಹುಸೇನ ಸಾಬ ಬೀಡಿ ಸೇದುತ್ತ ನಿಂತಿದ್ದವ ಬೀಡಿ ಎಸೆದು ಬಂದ.

"ಅರೆ ಆಚಾರಿ! ಸೀದಾ ಇದ್ದ ರಾಡನ್ನ ಯಾಕೋ ಬಗ್ಗಿಸ್ತೆ?"

"ಕಣ್ಣಿಲ್ಲವ ನಿಂಗೆ? ಇದು ಸೀದಾ?"

ಅವನು ರಾಡನ್ನು ಕಸಿದು ಕಬ್ಬಿಣದ ಹಲಗೆಯ ಮೇಲೆ ಇಟ್ಟು ಉರುಳಿಸಿದ. ಅದು ಕುಂಟಿತು. ಟಕ್, ಟಕ್ ಎಂದು ಎದ್ದು ಬಿದ್ದು ಉರುಳಿತು.

"ನಲ್ವತ್ತು ಜನ ಕೂತ್ಕೊಳ್ತ್ರು ನನ್ ಗಾಡೀಲಿ" ಎಂದ. ಅಷ್ಟೇ ಎಂದ. ಬೈದಿದ್ದರೆ ಒಳ್ಳೆಯದಿತ್ತು.

ನಾನು ಶೆಡ್ಡಿನ ಹಿಂದೆ ಹೋಗಿ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿನಲ್ಲಿ ತೆಂಗಿನ ಮರ ನೇರ. ಬಲಗಣ್ಣಿನಲ್ಲಿ ಅದೇ ಮರಕ್ಕೆ ನಡು ಮುರಿದಿತ್ತು, ಮುರಿದಲ್ಲಿ ಒಂದು ಬೂದಿ ಬಣ್ಣದ ಕಲೆ. ಕಣ್ಣು ತಿರುಗಿಸಿದರೆ ಕಲೆಯೂ ತಿರುಗಿತು. ತೊಳೆದೆ, ಉಜ್ಜಿದೆ, ಹೋಗಲಿಲ್ಲ. ಮನೆಗೆ ಬಂದು ಯಾರಿಗೂ ಹೇಳದೆ ಊಟಕ್ಕೆ ಕೂತೆ. ಸಾವಿತ್ರಿ ಬಡಿಸಲು ಬಗ್ಗಿದಳು. ಎಡಗಣ್ಣು ಮುಚ್ಚಿ ಅವಳನ್ನು ನೋಡಿದೆ.

ಅವಳ ಮುಖಕ್ಕೆ ಮೂಗು ಇರಲಿಲ್ಲ.

"ಎಂತ ಹಾಂಗೆ ನೋಡ್ತ್ರಿ? ಕಣ್ಣು ಹೊಡೀತ್ರ ಈ ವಯಸ್ಸಲ್ಲಿ?" ಎಂದು ನಕ್ಕಳು. ನಾನು ನಗಲಿಲ್ಲ. ಅವಳ ಕೈಯಲ್ಲಿ ಸೌಟು ಹಾಗೆಯೇ ನಿಂತಿತು.

ಕುಮಟೆಯಲ್ಲಿ ಕಣ್ಣಿನ ಡಾಕ್ಟರರೊಬ್ಬರು ಹೊಸದಾಗಿ ಕೂತಿದ್ದರು. ಮಿಲ್ಟ್ರಿಯಲ್ಲಿದ್ದು ಬಂದವರು. ಸಾವಿತ್ರಿಯೇ ಹಟ ಹಿಡಿದು ಬಸ್ಸು ಹತ್ತಿಸಿದಳು. ಡಾಕ್ಟರರು ಬೋರ್ಡಿನ ಅಕ್ಷರ ಓದಿಸಿದರು. ಇಂಗ್ಲಿಷಿನ ಬೋರ್ಡು ತಿರುಗಿಸಿ ಕನ್ನಡದ್ದು ಇಟ್ಟಾಗ ನನಗೆ ಸಿಟ್ಟು ಬಂತು, ಆದರೂ ಓದಿದೆ. ಬಲಗಣ್ಣಿನಿಂದ ಓದುವಾಗ ಪ್ರತಿ ಅಕ್ಷರವನ್ನೂ ಓರೆಯಾಗಿ, ಕಳ್ಳನ ಹಾಗೆ ನೋಡಬೇಕಾಯಿತು. ಕಣ್ಣು ಹಿಗ್ಗಲು ಡ್ರಾಪ್ಸ್ ಹಾಕಿದರು. ಒಂದು ತಾಸು ಕೂರಿಸಿದರು. ಆಮೇಲೆ ಕೋಣೆ ಕತ್ತಲೆ ಮಾಡಿ ಸಣ್ಣ ಬೆಳಕು ಬಿಟ್ಟು, ಅವರ ಉಸಿರು ನನ್ನ ಕೆನ್ನೆಗೆ ತಾಗುವಷ್ಟು ಹತ್ತಿರ ಬಂದು ನೋಡಿದರು.

"ಎಂತ ಕೆಲಸ ನಿಮ್ಮದು?"

ಹೇಳಿದೆ. ಜೇಬಿನಿಂದ ಗಾಜು ತೆಗೆದು ಕೊಟ್ಟೆ. ಸಾಕ್ಷಿಗೆ ಇರಲಿ ಎಂದು ತಂದಿದ್ದೆ, ನಾನು ಗಾಜು ಇಲ್ಲದೆ ಕೆಲಸ ಮಾಡುವ ಮಳ್ಳ ಅಲ್ಲ ಎಂದು ತೋರಿಸಲು. ಅವರು ಮೂಲೆಯ ನಂಬರು ನೋಡಿ ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಆರು. ಇದು ಗ್ಯಾಸಿಗೆ. ಇದನ್ನ ಕರೆಂಟಿಗೆ ಹಾಕೂಕೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ ಸಾಹೇಬ್ರೆ. ನಾನೇ ಆರಿಸಿದೆ. ನನ್ನ ಕಣ್ಣು ಚೊಲೋ ಇತ್ತು."

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ.

"ಆಚಾರ್ರೆ, ಗಾಜು ಆರಿಸೂದು ಕಣ್ಣು ನೋಡಿ ಅಲ್ಲ. ಬೆಂಕಿ ನೋಡಿ."

ಆಮೇಲೆ ಬಿಡಿಸಿ ಹೇಳಿದರು. ಮೊದಲ ಸಲ ಕನ್ನಡಕದ ಬದಿಯಿಂದ ಬೆಳಕು ನುಗ್ಗಿ ಸುಟ್ಟದ್ದು ಕಣ್ಣಿನ ಮುಂಭಾಗ, ಅದಕ್ಕೆ ನೋವು ಗೊತ್ತು, ಅದು ಬೇಗ ಗುಣವಾಗುತ್ತದೆ. ಎರಡನೆಯ ಸಲ ಸುಟ್ಟದ್ದು ಹಿಂದಿನ ಪರದೆ, ರೆಟಿನಾ. ಅದಕ್ಕೆ ನೋವು ಗೊತ್ತಿಲ್ಲ. ಗುರಾಣಿ ಮುಂಭಾಗವನ್ನು ಕಾಪಾಡಿತು, ತಿಳಿ ಗಾಜು ಹಿಂಭಾಗವನ್ನು ಸುಡಲು ಬಿಟ್ಟಿತು. ಎಡಗಣ್ಣು ಮುಚ್ಚಿ ಕೆಲಸ ಮಾಡುತ್ತೀರಾ ಎಂದು ಕೇಳಿದ್ದು ಆಗಲೇ. ಬಂದರದ ಹಡಗು ಕಟ್ಟುವವರಲ್ಲಿ ಇಂಥ ಕಣ್ಣು ಕಂಡಿದ್ದೇನೆ ಎಂದರು.

"ಮದ್ದು?"

"ಇಲ್ಲ."

"ಆಯಿಂಟ್‌ಮೆಂಟು? ಇಂಜೆಕ್ಷನ್ನು?"

"ಕಾಯೂದೇ. ಮೂರು ತಿಂಗಳು, ಆರು ತಿಂಗಳು. ಕೆಲವರಿಗೆ ಕಲೆ ಸಣ್ಣ ಆಗ್ತದೆ. ಕೆಲವರಿಗೆ ಹಾಗೇ ಇರ್ತದೆ. ಅಷ್ಟು ದಿನ ಬೆಂಕಿ ನೋಡಬೇಡಿ."

ಹೊರಗೆ ಬಂದಾಗ ಹಿಗ್ಗಿದ ಕಣ್ಣಿಗೆ ಕುಮಟೆಯ ಪೇಟೆಯೆಲ್ಲ ಬೆಳ್ಳಗೆ ಉರಿಯುತ್ತಿತ್ತು. ಸಾವಿತ್ರಿ ಇಡಗುಂಜಿಯ ದೇವರಿಗೆ ಬೆಳ್ಳಿಯ ಕಣ್ಣು ಹರಕೆ ಹೊತ್ತೆ ಎಂದಳು. ಹೊತ್ತುಕೋ ಎಂದೆ. ಮದ್ದಿರುವ ರೋಗಕ್ಕಾದರೆ ಮದ್ದನ್ನು ಬೈಯಬಹುದು. ಇದಕ್ಕೆ ಏನನ್ನು ಬೈಯಲಿ? ದಾರಿಯುದ್ದಕ್ಕೂ ಬಸ್ಸಿನ ಸೀಟಿನ ಕಬ್ಬಿಣವನ್ನು ಉಗುರಿನಿಂದ ಕೆರೆಯುತ್ತ ಬಂದೆ.

ಮರುದಿನ ಹೊಳೆ ದಾಟಿ ಹೋಗಿ ಪೆಟ್ಟಿಗೆ ತೆಗೆದು, ತಳದ ಕಾಗದವನ್ನು ಸುಬ್ರಾಯನ ಮುಂದೆ ಹಿಡಿದೆ. ಓದು ಎಂದೆ. ಅವನು ಕನ್ನಡಕ ಒರೆಸಿಕೊಂಡು ಓದಲು ಹೊರಟ. ಅವನು ಬಾಯಿ ತೆರೆಯುವ ಮೊದಲೇ ನನಗೆ ಕಂಡಿತು. ಮೇಲೆ ಎರಡು ಸಾಲು ಇಂಗ್ಲಿಷ್. ಕೆಳಗೆ ಎರಡು ಪಟ್ಟಿ ಅಂಕಿ. ಎಡಗಡೆ ಮಶೀನಿನ ಮುಳ್ಳು ತೋರಿಸುವ ಅಂಕಿಗಳೇ. ಬಲಗಡೆ ಗಾಜಿನ ನಂಬರು. ನಾನು ಬೆಸೆಯುವಾಗ ಮುಳ್ಳು ನಿಲ್ಲುತ್ತಿದ್ದ ನೂರೈವತ್ತರ ಎದುರಿಗೆ ಹತ್ತು.

ಅಂಕಿ ಓದಲು ನನಗೆ ಬರುತ್ತಿತ್ತು.

"ನಾನಾದ್ರೂ ಅವತ್ತೇ ಓದಿ ಹೇಳ್ಬೇಕಿತ್ತು ಮಾರಾಯ" ಎಂದ ಸುಬ್ರಾಯ. ಅವನ ದನಿ ಸಣ್ಣಗಾಗಿತ್ತು.

"ನೀ ಹೇಳಿದ್ರೂ ನಾ ಕೇಳ್ತಿರ್ಲಿಲ್ಲ, ಬಿಡು" ಎಂದೆ. ಅದು ನಿಜ.

ಆಮೇಲಿನ ತಿಂಗಳುಗಳನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬರೆಯಬೇಕು. ಮಶೀನಿಗೆ ಗೋಣಿ ಹೊದಿಸಿದರು. ಧಣಿಗಳು ಒಳ್ಳೆಯವರು, ಆದರೆ ಬಸ್ಸು ನಿಲ್ಲಿಸಿ ಕಾಯುವವರಲ್ಲ. "ಯುಗಾದಿ ದಾಟಿ ಒಂದು ತಿಂಗಳು ನೋಡ್ತೆ ಆಚಾರಿ. ಮಳೆ ಬರೂದ್ರೊಳಗೆ ಬಸ್ಸಿನ ಅಡಿ ಚಾಸಿ ಎಲ್ಲ ಬೆಸೀಬೇಕು. ಆಗದಿದ್ರೆ ಮಂಗಳೂರಿಂದ ಜನ ತರಿಸ್ತೆ" ಎಂದರು. ನಾನು ನಟ್ಟು ಬಿಗಿದೆ, ಗ್ರೀಸು ಹಾಕಿದೆ, ಟಾಯರು ಉರುಳಿಸಿದೆ. ಮನೆಗೆ ಬಾವಿಯ ಕೊಕ್ಕೆಯನ್ನೋ ಕತ್ತಿಯನ್ನೋ ಬಡಿಸಿಕೊಳ್ಳಲು ಬಂದವರು ನನ್ನ ಎದುರು ನಿಂತು ಮದ್ದು ಹೇಳಿದರು. ಜೇನು ಬಿಡು. ಹರಳೆಣ್ಣೆ ಬಿಡು. ನೇತ್ರದೋಷಕ್ಕೆ ಶಾಂತಿ ಮಾಡಿಸು. ಒಬ್ಬನಂತೂ ಬೆಂಕಿಗೆ ಬೆಂಕಿಯೇ ಮದ್ದು, ಇನ್ನೊಮ್ಮೆ ನೋಡಿದರೆ ಕಲೆ ಸುಟ್ಟು ಹೋಗುತ್ತದೆ ಎಂದ. ಅವನನ್ನು ಹೊಡೆಯಲು ಎದ್ದೆ, ಸಾವಿತ್ರಿ ಅಡ್ಡ ಬಂದಳು. ಅವಳ ಮೇಲೂ ರೇಗಿದೆ. ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿದೆ. ಉಪ್ಪು ಹೆಚ್ಚಾಗಿರಲಿಲ್ಲ.

ಡಾಕ್ಟರರು ಗೆರೆ ಎಳೆದ ಒಂದು ಹಾಳೆ ಕೊಟ್ಟು, ವಾರಕ್ಕೊಮ್ಮೆ ಗೆರೆ ಎಷ್ಟು ಬಗ್ಗಿದೆ ನೋಡಿ ಎಂದಿದ್ದರು. ಹಾಳೆ ನನಗೆ ಸೇರಲಿಲ್ಲ. ನಾನೇ ಮಾಡಿ ಕೂರಿಸಿದ ಕಿಟಕಿಯ ಸರಳು ಇತ್ತಲ್ಲ, ಏಳು ಸರಳು, ಒಂದೊಂದೂ ನೇರವೆಂದು ಪ್ರಮಾಣ ಮಾಡಬಲ್ಲೆ. ಬೆಳಿಗ್ಗೆ ಎದ್ದ ಕೂಡಲೇ ಎಡಗಣ್ಣು ಮುಚ್ಚಿ ಅದನ್ನೇ ನೋಡುತ್ತಿದ್ದೆ. ನಡುವಿನ ಮೂರು ಸರಳು ಒಳಕ್ಕೆ ಜಗ್ಗಿರುತ್ತಿದ್ದವು. ಫೆಬ್ರುವರಿ ಪೂರ್ತಿ ಮೂರೇ. ಮಾರ್ಚಿನಲ್ಲಿಯೂ ಮೂರೇ. ದಿನಾ ನೋಡಬೇಡಿ, ಕುದಿಯುವ ಗಂಜಿಯ ಮುಚ್ಚಳ ತೆಗೆದು ತೆಗೆದು ನೋಡಿದ ಹಾಗೆ ಆಯಿತು ಎಂದು ಸಾವಿತ್ರಿ ಬೈದಳು. ಯುಗಾದಿ ಕಳೆದು ಒಂದು ವಾರಕ್ಕೆ, ಒಂದು ಬೆಳಿಗ್ಗೆ, ಎರಡೇ ಬಗ್ಗಿದ್ದವು. ನಾನು ಹೇಳಲಿಲ್ಲ. ಹದಿನೈದು ದಿನ ಬಿಟ್ಟು ಒಂದೇ ಬಗ್ಗಿತ್ತು, ಅದೂ ಸ್ವಲ್ಪ. ಆಗ ಹೇಳಿದೆ. ಅವಳು ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದವಳು ತಿರುಗದೆಯೇ "ಆತು" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡದ್ದು ಹೊಗೆಗೆ ಎಂದುಕೊಂಡು ನಾನು ಕಂಡೂ ಕಾಣದವನಾದೆ.

ಡಾಕ್ಟರರು ಮತ್ತೆ ನೋಡಿ, ದಿನಕ್ಕೆ ಒಂದು ತಾಸು ಮಾಡಿ, ಗಾಜು ಸರಿ ಇದ್ದರೆ ಮಾತ್ರ ಎಂದರು. ಆರಿಸುವ ಕ್ರಮವನ್ನೂ ಹೇಳಿದರು. ನಾನು ತಿಳಿಯಿಂದ ಕಪ್ಪಿಗೆ ಏರಿದ್ದೆ, ನೋವು ನಿಂತಲ್ಲಿ ನಿಂತಿದ್ದೆ. ಅದು ತಿರುಗಾಮುರುಗಾ. ಎಲ್ಲಕ್ಕಿಂತ ಕಪ್ಪಿನಿಂದ ಶುರು ಮಾಡಬೇಕು. ಬೆಸುಗೆಯ ಗೆರೆ ಕಾಣುವವರೆಗೆ ಒಂದೊಂದೇ ಇಳಿಯಬೇಕು. ಕಂಡ ಕೂಡಲೇ ನಿಲ್ಲಬೇಕು. ಇನ್ನೂ ಚೆಂದ ಕಾಣಲಿ ಎಂದು ಇಳಿಯಬಾರದು. ಈ ಕರೆಂಟಿಗೆ ಹತ್ತರ ಕೆಳಗಂತೂ ಇಲ್ಲವೇ ಇಲ್ಲ.

ಗೋಣಿ ತೆಗೆದು ಎಂಜಿನ್ನು ತಿರುಗಿಸಿದಾಗ ಶೆಡ್ಡಿನವರೆಲ್ಲ ಬಂದು ನಿಂತರು. ಹನ್ನೆರಡು ಕೂರಿಸಿದೆ. ಎರಡೂ ಕಣ್ಣು ತೆರೆದೆ. ಗುರಾಣಿಯ ಒಳಗೆ ಕಗ್ಗತ್ತಲೆ. ಎಲ್ಲಿ ಕಬ್ಬಿಣ, ಎಲ್ಲಿ ಕಡ್ಡಿ ಒಂದೂ ಗೊತ್ತಾಗಲಿಲ್ಲ. ಕುಟ್ಟಿದೆ, ಕಡ್ಡಿ ಅಂಟಿಕೊಂಡಿತು. ಕಿತ್ತೆ, ಮತ್ತೆ ಅಂಟಿತು. ಹುಸೇನ ಸಾಬ ಕೆಮ್ಮಿದ. ಕಿವಿ ಬಿಸಿಯಾಯಿತು. ಗುರಾಣಿ ಸರಿಸಿ ಒಮ್ಮೆ ನೋಡಿಬಿಡಲೇ ಎಂದು ಕೈ ಎದ್ದಿತು. ಇಳಿಸಿದೆ. ಮೂರನೆಯ ಸಲ ಬೆಳಕು ಹತ್ತಿತು, ಒಂದು ಮಿಣುಕು ಮಾತ್ರ. ಹನ್ನೊಂದು ಹಾಕಿದೆ. ಬೆಳಕು ದೊಡ್ಡದಾಯಿತು, ಗೆರೆ ಇನ್ನೂ ಇಲ್ಲ. ಹತ್ತು ಹಾಕಿದೆ. ಕರಗಿದ ಕಬ್ಬಿಣದ ಅಂಚು ಕಂಡಿತು, ಅದರಾಚೆಯ ಗೆರೆ ಕಂಡಿತು. ಎಂಟರದ್ದು ಪಕ್ಕದಲ್ಲೇ ಇತ್ತು. ಅದರಲ್ಲಿ ಇನ್ನೂ ಎಷ್ಟು ಕಾಣುತ್ತದೆಂದು ನನಗೆ ಗೊತ್ತಿತ್ತು.

ನಿಂತೆ.

ಆ ದಿನದ ಬೆಸುಗೆ ಕೊಳಕಾಗಿತ್ತು. ಅಪ್ಪ ನೋಡಿದ್ದರೆ ಒದೆಯುತ್ತಿದ್ದ. ಕಲಿತ ಕೆಲಸವನ್ನು ಮತ್ತೆ ಮೊದಲಿನಿಂದ ಕಲಿಯುವುದು ಮೊದಲ ಸಲ ಕಲಿಯುವುದಕ್ಕಿಂತ ಕಷ್ಟ, ಯಾಕೆಂದರೆ ಈಗ ಎಷ್ಟು ಕೆಟ್ಟದಾಗಿದೆ ಎಂದು ಗೊತ್ತಾಗುತ್ತದೆ. ಹಳೆಯ ಪಟ್ಟಿಗಳ ಮೇಲೆ ಹತ್ತು ದಿನ ಅಭ್ಯಾಸ ಮಾಡಿದೆ. ಮಳೆ ಹಿಡಿಯುವ ಮೊದಲು ನಾಲ್ಕು ಚಾಸಿ ಬೆಸೆದೆ. ಮಂಗಳೂರಿನಿಂದ ಯಾರೂ ಬರಲಿಲ್ಲ. ಸರಳು ನೇರವೋ ಎಂದು ಈಗ ಎಡಗಣ್ಣಿನಿಂದ ನೋಡುತ್ತೇನೆ, ನೋಡಿದ ಮೇಲೂ ಹಲಗೆಯ ಮೇಲೆ ಉರುಳಿಸುತ್ತೇನೆ. ಸಿಟ್ಟು ಪೂರ್ತಿ ಹೋಗಿಲ್ಲ. ಯಾರ ಮೇಲೆ ಎಂದು ಗೊತ್ತಾದದ್ದರಿಂದ ಸ್ವಲ್ಪ ಮೆತ್ತಗಾಗಿದೆ.

ಈಗ ನನಗೆ ಇರುವುದು ಇಷ್ಟು. ಎಡಗಣ್ಣು, ಪೂರ್ತಿ. ಬಲಗಣ್ಣು, ನಡುವೆ ಒಂದು ಎಳ್ಳಿನಷ್ಟು ಬಿಟ್ಟು. ಹತ್ತನೇ ನಂಬರಿನ ಗಾಜು ಎರಡು, ಹನ್ನೊಂದರದ್ದು ಒಂದು. ಡಾಕ್ಟರರು ಈಗ ಒಪ್ಪಿದ ಹಾಗೆ ದಿನಕ್ಕೆ ಎರಡು ತಾಸು ವೆಲ್ಡಿಂಗು, ಉಳಿದ ಹೊತ್ತು ಸುತ್ತಿಗೆ. ಆರು ತಿಂಗಳಿಗೆ ಒಂದು ಸಲ ಕುಮಟೆ.